ದೊಡ್ಡ ಎಂಜಿನ್ನಿಗೆ ಜಾಗ ಮಾಡುವವರು

ಅಣ್ಣ ತೀರಿಕೊಂಡ ಸುದ್ದಿ ಬಂದಾಗ ಚಿಕ್ಕಮೇಸ್ತ್ರಿಯ ಶೆಡ್ಡಿನಲ್ಲಿ ಕಾರಿನ ಎಂಜಿನ್ ಸರಪಳಿಯಲ್ಲಿ ತೂಗುತ್ತಿತ್ತು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಅತ್ತಿಗೆ ಶೆಡ್ಡಿನ ಬಾಗಿಲಿಗೆ ಬಂದು ನಿಂತು, "ನಿಮ್ಮಣ್ಣ ಏಳ್ತಾ ಇಲ್ಲ ಕಣೋ" ಎಂದರು. ಚಿಕ್ಕಮೇಸ್ತ್ರಿಗೆ ಅಷ್ಟರಲ್ಲೇ ಎಲ್ಲವೂ ತಿಳಿಯಿತು. ಆದರೂ ಓಡಲಿಲ್ಲ. ಎಂಜಿನ್ನನ್ನು ಮೆಲ್ಲಗೆ ನೆಲಕ್ಕಿಳಿಸಿ, ಕೈ ಒರೆಸಿಕೊಂಡು, ಆಮೇಲೆ ಹೊರಟರು.

"ಅಣ್ಣ ಅಲ್ಲಿ ಹೋಗಿದಾನೆ, ನಾನಿಲ್ಲಿ ಎಂಜಿನ್ ಇಳಿಸ್ತಾ ನಿಂತೆ ನೋಡಿ" ಎಂದು ಈಗಲೂ ಹಲುಬುತ್ತಾರೆ. ಅತ್ತಿಗೆ ಬಿಡುವುದಿಲ್ಲ: "ಹಾಗೇ ತೂಗುಬಿಟ್ಟು ಬಂದಿದ್ರೆ ಅವರೇ ಎದ್ದು ಕೂತು ಬಯ್ತಿದ್ರು."

ಈಗ ಮುಂಜಾನೆ ಬೀಗ ತೆಗೆಯುವುದು ಚಿಕ್ಕಮೇಸ್ತ್ರಿ ಒಬ್ಬರೇ. ತಲೆ ಪೂರ್ತಿ ನರೆತಿದ್ದರೂ ಬೀದಿಗೆ ಅವರಿನ್ನೂ 'ಚಿಕ್ಕ'. ಹಳೆಯ ಕಾಲದ ಕಾರುಗಳಲ್ಲಿ ದೊಡ್ಡ ಎಂಜಿನ್ ಕೂರಿಸುವುದು ಈ ಅಣ್ಣತಮ್ಮಂದಿರ ಕಸುಬು. ಬಾನೆಟ್ ಮುಚ್ಚಿದ ಮೇಲೆ ಕಾರು ಮೊದಲಿನಂತೆಯೇ ಕಾಣಬೇಕು. ಮಾಡಿದವರ ಕೈ ಯಾರಿಗೂ ಕಾಣಬಾರದು. ಕಾರಿನ ಮೈ ಕೊಯ್ಯಕೂಡದೆಂಬುದು ಅಣ್ಣನ ಹಠ. "ನೆಂಟ ದಪ್ಪಗಿದಾನೆ ಅಂತ ಬಾಗಿಲು ಒಡೀತೀಯೇನೋ? ಹೊಟ್ಟೆ ಎಳ್ಕೊಳ್ಳೋಕೆ ನೆಂಟನಿಗೇ ಹೇಳು" ಎನ್ನುತ್ತಿದ್ದರಂತೆ.

ಎಂಜಿನ್ನಿನ ತಲೆಯ ಮೇಲೆ ಜೇಡಿಮಣ್ಣಿನ ಉಂಡೆಯಿಟ್ಟು ಬಾನೆಟ್ ಮುಚ್ಚುತ್ತಾರೆ. ತೆರೆದಾಗ ಮಣ್ಣು ಎಷ್ಟು ದಪ್ಪ ಉಳಿದಿರುತ್ತದೋ ಮೇಲೆ ಅಷ್ಟು ಜಾಗವಿದೆ ಎಂದರ್ಥ. ನೋಡಿ ಹೇಳುವುದು ಅಣ್ಣನ ಕೆಲಸ, ಸರಪಳಿ ಎಳೆಯುವುದು ತಮ್ಮನದು. ಒಂದು ಆಯುಷ್ಯ ಹೀಗೇ ಕಳೆಯಿತು.

ಶೆಡ್ಡಿನಲ್ಲಿ ನಿಂತಿರುವುದು ಹಲ್ಲಿನ ಡಾಕ್ಟರೊಬ್ಬರ ತಂದೆಯ ಕಾರು. ಏರುದಾರಿಯಲ್ಲಿ ಏದುಸಿರು ಬಿಡುತ್ತದೆಂದು ಡಾಕ್ಟರು ದೊಡ್ಡ ಎಂಜಿನ್ ಕೇಳಿದ್ದಾರೆ. ಮೈ ಕೊಯ್ಯದೆ ಕೂರಿಸಿಕೊಡುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದರು. ಅದೇ ಅವರು ಹಿಡಿದ ಕೊನೆಯ ಕೆಲಸ. ಆ ಮಾತನ್ನು ತಾನೊಬ್ಬನೇ ಉಳಿಸಬಲ್ಲೆನೇ ಎಂಬ ಚಿಂತೆ ಚಿಕ್ಕಮೇಸ್ತ್ರಿಯನ್ನು ಹಣ್ಣು ಮಾಡಿದೆ.

ಮೊದಲ ಸಲವೇ ಎಡವಟ್ಟಾಯಿತು. ಎಂಜಿನ್ ಕೂರಬೇಕಾದದ್ದು ರಬ್ಬರಿನ ಮೆತ್ತೆಗಳ ಮೇಲೆ. ದಣಿದಿದ್ದ ಅವರು ಮರದ ತುಂಡುಗಳ ಮೇಲೆಯೇ ಕೂರಿಸಿ ಮಣ್ಣಿಟ್ಟು ನೋಡಿದರು. ಮೇಲೆ ಜಾಗ ಸರಿಯಿತ್ತು. ಆಮೇಲೆ ಮೆತ್ತೆ ಹಾಕಿದರೆ, ಭಾರಕ್ಕೆ ಅದು ಕುಗ್ಗಿ, ಎಂಜಿನ್ನಿನ ತಳದಲ್ಲಿರುವ ಎಣ್ಣೆಯ ತಟ್ಟೆ ಕಾರಿನ ಅಡ್ಡತೊಲೆಗೆ ತಾಗಿ ಕೂತಿತು.

"ಮರ ಕುಗ್ಗಲ್ಲ, ರಬ್ಬರ್ ಕುಗ್ಗುತ್ತೆ. ಗೊತ್ತಿಲ್ದೆ ಇರೋದೇನಲ್ಲ. ಕೈ ಸೋತಿತ್ತು, ತಲೆ ಹೂಂ ಅಂದುಬಿಡ್ತು" ಎಂದು ಡಾಕ್ಟರ ಮುಂದೆ ಒಪ್ಪಿಕೊಂಡರು.

ಡಾಕ್ಟರಿಗೂ ಅವರನ್ನು ನೋಡಿ ಕನಿಕರ. "ತೊಲೇನೇ ಸ್ವಲ್ಪ ಕೊಯ್ದುಬಿಡಿ ಮೇಸ್ತ್ರಿ. ಕೆಳಗೆ ಬಗ್ಗಿ ಯಾರು ನೋಡ್ತಾರೆ?"

ಚಿಕ್ಕಮೇಸ್ತ್ರಿ ಬಗ್ಗಿ ತೊಲೆಯ ಮೇಲೆ ಕೈಯಾಡಿಸಿದರು. "ಬೇಡ ಡಾಕ್ಟ್ರೇ. ತಟ್ಟೆ ಕೊಯ್ತೀನಿ."

"ಮತ್ತೆ ಎಂಜಿನ್ ಮೇಲೆತ್ಬೇಕಲ್ಲ?"

"ಎತ್ಬೇಕು."

ಮರುದಿನ ಬೆಳಗ್ಗೆ ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಸರಪಳಿ ಹಿಡಿದರು. "ಎಳೆಯೋದು ನಾನು ನೋಡ್ಕೋತೀನಿ. ಜಾಗ ನೋಡೋನು ಇನ್ಮೇಲೆ ನೀನೇ."

"ನಂಗೆ ಅಣ್ಣನ ಕಣ್ಣಿಲ್ಲ ಅತ್ತಿಗೆ."

"ಅವರಿಗೂ ಹುಟ್ತಾನೇ ಇರ್ಲಿಲ್ಲ ಬಿಡು. ಎಷ್ಟು ಬಾನೆಟ್ ಸೊಟ್ಟ ಮಾಡಿದಾರೆ, ನಂಗೊತ್ತು."

ತಟ್ಟೆಯ ಮುಂಭಾಗದ ಆಳವನ್ನು ಕೊಯ್ದು ಕಡಿಮೆ ಮಾಡಿ, ಎಣ್ಣೆಗೆ ಜಾಗ ಸಾಲಲೆಂದು ಹಿಂಭಾಗವನ್ನು ಅಗಲಿಸಿ ಬೆಸೆದರು. ನೀರು ತುಂಬಿಟ್ಟು ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಇಂದು ಮುಂಜಾನೆ ಎಂಜಿನ್ ಮತ್ತೆ ಇಳಿಯುತ್ತಿದೆ. ಅತ್ತಿಗೆ ಏದುಸಿರಿನಲ್ಲಿ ಸರಪಳಿ ಬಿಡುತ್ತಾರೆ, ಚಿಕ್ಕಮೇಸ್ತ್ರಿ ನೆಲದಲ್ಲಿ ಅಂಗಾತ ಮಲಗಿ, "ಇನ್ನಷ್ಟು, ಇನ್ನಷ್ಟು" ಎನ್ನುತ್ತಾರೆ. ಮೆತ್ತೆ ಪೂರ್ತಿ ಕುಗ್ಗುವವರೆಗೂ ಕಾಯುತ್ತಾರೆ. ಆಮೇಲೆ ಮಣ್ಣಿಟ್ಟು ಬಾನೆಟ್ ಮುಚ್ಚಿ ತೆಗೆಯುತ್ತಾರೆ. ಮೇಲೆ ಜಾಗವಿದೆ. ತಟ್ಟೆಗೂ ತೊಲೆಗೂ ನಡುವೆ ಬೆರಳುಗಳು ಸಲೀಸಾಗಿ ತೂರುತ್ತವೆ. ಎಂಜಿನ್ ಚಾಲೂ ಆಗುತ್ತದೆ, ಮೈ ಕೊಡವಿ ಅದುರುತ್ತದೆ, ಎಲ್ಲಿಯೂ ಬಡಿಯುವುದಿಲ್ಲ.

"ಮುಟ್ಟಲ್ವಾ?" ಎನ್ನುತ್ತಾರೆ ಅತ್ತಿಗೆ.

"ಮುಟ್ಟಲ್ಲ."

ಇಬ್ಬರೂ ಅಲ್ಲೇ ಕುಸಿದು ಕೂರುತ್ತಾರೆ. "ಇನ್ನೊಂದು ಕಾರು ಹಿಡೀತೀನೋ ಇಲ್ವೋ, ಗೊತ್ತಿಲ್ಲ. ಸಾಕಾಗಿದೆ" ಎನ್ನುತ್ತಾರೆ ಚಿಕ್ಕಮೇಸ್ತ್ರಿ. "ಅಣ್ಣನ ಮಾತು ಉಳೀತು. ಅಷ್ಟಾದ್ರೆ ಆಯ್ತು."

ಅತ್ತಿಗೆ ಮಸಿ ಮೆತ್ತಿದ ಕೈಗಳನ್ನೇ ಜೋಡಿಸಿ ಕಣ್ಣು ಮುಚ್ಚುತ್ತಾರೆ. ದೇವರೇ, ದುಡಿದು ದಣಿದು ನಿನ್ನಲ್ಲಿಗೆ ಬಂದ ಆ ಜೀವವನ್ನು ನಿನ್ನ ಹತ್ತಿರ ಕೂರಿಸಿಕೋ. ಅದಕ್ಕೆ ಇನ್ನು ಯಾವ ಭಾರವೂ ಬೇಡ. ನಿನ್ನ ನೆರಳಿನಲ್ಲಿ ಶಾಂತಿಯಿಂದಿರಲಿ.