ಮಾವ ಹಾಕಿಸಿದ ಸೀಟು

ದೋಸ್ತರಾ, ಇವತ್ತ ಹಣಿ ಹಣಿ ಬಡಕೊಳ್ಳೂ ಹಂಗಾತು. ಮುಂದಿನ ತಿಂಗಳ ಕಾರ್ ರೇಸಿಗಿ ಹೊಸ ಇಂಜಿನ್ ಹಾಕ್ಸೂ ತಾಕತ್ತ ನನಗಿಲ್ಲ. ಅದಕ್ಕ ಈ ಥಂಡಿಕಾಲ ಪೂರಾ ನನ್ನ ಹಳೇ ಕಾರಿನ ಹಿಂದಿನ ಸೀಟು, ಬಂಪರು ಎಲ್ಲಾ ಬಿಚ್ಚಿ, ಜೋರ ಓಡ್ಲಿ ಅಂತ ಹಗುರ ಮಾಡೀನಿ. ಇವತ್ತ ವಾಡಿ ಫ್ಯಾಕ್ಟ್ರಿಯಿಂದ ಡ್ಯೂಟಿ ಮುಗಿಸಿ ಮನಿಗಿ ಬಂದ್ರ, ಕಾರಿನ್ಯಾಗ ಸಾಗವಾನಿ ಹಲಗಿ ಸೀಟು! ಚಿಂಚೋಳಿಯಿಂದ ಬಂದ ನಮ್ಮ ಮಾವ ಬಡಿಗ್ಯಾನ್ನ ಕರಿಸಿ ಮೊಳಿ ಹೊಡಿಸ್ಯಾರ.

"ಮಾವಾರ, ಏನ್ ಮಾಡೀರಿ ಇದು? ಭಾರ ಆತಲ್ರಿ!"

"ಸೀಟು ಮಾರಿಕೊಳ್ಳೂವಷ್ಟು ಅಡಚಣಿ ಇದ್ರ ನನಗ ಹೇಳಬಾರದೇನಪಾ?" ಅಂದ್ರು. ಅವರ ಕಣ್ಣಾಗ ನೀರಿತ್ತು.

ರೇಸ್ ಅಂದ್ರ ಏನಂತ ಬಿಡಿಸಿ ಹೇಳಿದೆ. ಎಲ್ಲಾ ಕೇಳಿ, ಖುಷಿಲಿಂದ ಆ ಹಲಗಿ ಮ್ಯಾಲ ಕುಂತು, "ಹಂಗಾದ್ರ ನಾನೂ ಬರ್ತೀನಿ" ಅಂದ್ರು.

ಹಲಗಿ ಕೀಳಬಹುದ್ರಪಾ, ಮಾವನ್ನ ಹ್ಯಾಂಗ ಇಳಿಸ್ಲಿ?