ಹೊಳಪು ಕೊಟ್ಟ ಚಿಪ್ಪು

ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಅವನಿಗೆ ಪಟಾಕಿ ಮೇಸ್ತ್ರಿ ಎಂದೇ ಹೆಸರು. ಮೂಗಿನ ತುದಿಯಲ್ಲೇ ಕೋಪ. ಅವನ ಬಾಯಿಗೆ ಹೆದರದವಳು ಒಬ್ಬಳೇ, ಅವನ ಹೆಂಡತಿ. ಅವಳೂ ಅದೇ ಶೆಡ್ಡಿನಲ್ಲಿ ಅವನೆದುರು ಕೂತು ಚಪ್ಪಡಿ ಉಜ್ಜಿದವಳು. ಕಲ್ಲಿನ ಧೂಳು ಅವಳ ಎದೆಯಲ್ಲಿ ಮನೆ ಮಾಡಿತು, ಡಾಕ್ಟರು ಕೈಚೆಲ್ಲಿದರು.

ಅವಳು ಕೆಲಸಕ್ಕೆ ಹೋದ ಕಡೆಯ ದಿನ, ಸೀಳಿದ ಬಂಡೆಯೊಂದರಲ್ಲಿ ಬಕೆಟ್ಟಿನ ಬಾಯಷ್ಟು ಅಗಲದ, ಕಲ್ಲಾಗಿಹೋದ ಸುರುಳಿಚಿಪ್ಪು ಕಂಡಿತು. ಮೈತುಂಬ ಬಾಚಣಿಗೆ ಹಲ್ಲಿನಂಥ ಏಣುಗಳು. "ಡ್ಯಾಮೇಜ್ ಪೀಸು, ಆಚೆ ಎಸಿ" ಎಂದರು ಉಳಿದವರು. ಅವಳು ಅದನ್ನು ಬಿಡಿಸಿ ತರಿಸಿ ಮಂಚದ ಕೆಳಗೆ ಇಡಿಸಿಕೊಂಡಳು.

"ರೀ, ಜನ್ಮವೆಲ್ಲ ಕಲ್ಲು ಉಜ್ಜಿದ್ದೇ ಬಂತು. ಇದೊಂದರ ಹೆಸರು ತಿಳ್ಕೊಂಡು ಸಾಯ್ತೀನಿ. ಓದಿದವರನ್ನ ಕೇಳ್ಕೊಂಡು ಬನ್ನಿ."

"ಸಾಯೋ ಮಾತಾಡಿದ್ರೆ ಹಲ್ಲು ಉದುರಿಸ್ತೀನಿ ನೋಡು!"

"ಉದುರಿಸಿ. ಅಗಿಯೋಕೆ ಏನು ಉಳಿದಿದೆ ಈಗ?"

ಇಂಥದ್ದನ್ನು ಓದಿದವರು ಇದ್ದದ್ದು ಪಟ್ಟಣದ ಮ್ಯೂಸಿಯಮ್ಮಿನಲ್ಲಿ. ಆದರೆ ಅಲ್ಲಿಗೆ ಒರಟು ಕಲ್ಲು ಒಯ್ಯುವುದೇ? ಪಾಲಿಶ್ ಕಾಣದ ಕಲ್ಲು ತನ್ನ ಕೈದಾಟಿ ಹೋದರೆ ಮೇಸ್ತ್ರಿಯ ಮಾನವೇ ಹೋದಂತೆ. ಅವಳು ಮಲಗಿದ್ದಾಗ ಚಿಪ್ಪನ್ನು ಶೆಡ್ಡಿಗೆ ಹೊತ್ತೊಯ್ದ. ರಜೆಯ ದಿನವಿಡೀ ನೀರು ಹನಿಸುತ್ತ ಉಜ್ಜಿದ. ಕೊನೆಗೆ ಅದರಲ್ಲಿ ಮುಖ ಕಾಣಿಸಿತು. ಮರುದಿನ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದ.

ಮ್ಯೂಸಿಯಮ್ಮಿನ ಮೇಡಂ ಭೂತಗನ್ನಡಿ ಹಿಡಿದು ಬಗ್ಗಿದರು.

"ಸಮುದ್ರದ ಪ್ರಾಣೀದು. ಕೋಟ್ಯಂತರ ವರ್ಷ ಹಳೇದು."

"ಹೆಸರು ಮೇಡಂ?"

"ಇದರಲ್ಲಿ ಎಷ್ಟೋ ಜಾತಿ ಇದೆ. ಮೇಲಿನ ಏಣು ನೋಡಿ ಗುರುತು ಹಿಡೀಬೇಕು. ಅದನ್ನ ಯಾರು ತೆಗೆದ್ರು?"

"ತೆಗೆದಿಲ್ಲ, ಹೊಳಪು ಕೊಟ್ಟಿದೀನಿ."

"ಅಯ್ಯೋ, ಗುರುತು ಇದ್ದಿದ್ದೇ ಅಲ್ಲಿ! ಫೋಟೋ ಏನಾದ್ರೂ ಇದೆಯಾ?"

ಇರಲಿಲ್ಲ. ಅವನು ಮೇಜು ಗುದ್ದಿದ. "ಅಷ್ಟೆಲ್ಲ ಓದಿದೀರಲ್ಲ, ಹೇಳ್ರಿ ಯಾವುದಾದ್ರೂ ಒಂದು ಹೆಸರು! ಮನೇಲಿ ಕಾಯ್ತಿದಾಳೆ!"

"ಸುಳ್ಳು ಹೆಸರು ಹೇಗೆ ಹೇಳ್ಲಿ ಯಜಮಾನ್ರೆ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾನೇ ಹೆಸರು ಕಟ್ಟುತ್ತ ಬಂದ. ಒಂದೂ ನಾಲಿಗೆಗೆ ಹತ್ತಲಿಲ್ಲ. ಮನೆಯಲ್ಲಿ ಅವನು ಬಾಯಿ ತೆರೆಯುವ ಮೊದಲೇ ಅವಳು ಗೋಣಿಯೊಳಗೆ ಕೈಯಿಟ್ಟಳು. ಬೆರಳುಗಳು ಸುರುಳಿಯುದ್ದಕ್ಕೂ ಜಾರಿ ಹೋದವು, ಮತ್ತೆ ಹಿಂದಕ್ಕೆ ಬಂದವು.

"ಉಜ್ಜಿಬಿಟ್ರಾ?"

"ಹೂಂ. ಅದಕ್ಕೇ ಅವರಿಗೆ ಹೆಸರು ಹೇಳೋಕಾಗಲಿಲ್ಲ ಕಣೆ. ನನ್ನ ಕೈಯಿಂದಲೇ..."

ಅವಳು ಗೋಣಿಯಿಂದ ಕೈ ಹೊರತೆಗೆದಳು. "ಕೆಲಸ ಚೆನ್ನಾಗಾಗಿದೆ" ಎಂದು ಗೋಡೆಯ ಕಡೆ ಹೊರಳಿದಳು.

ಬೈಯಲಿ, ಕೂಗಲಿ, ಆ ಕಲ್ಲನ್ನೇ ಎತ್ತಿ ತಲೆಗೆ ಹಾಕಲಿ ಎಂದು ಅವನು ಮಂಚದ ಪಕ್ಕದಲ್ಲೇ ಕೂತ. ಅವಳು ಇನ್ನೂ ಕೆಲವು ದಿನ ಬದುಕಿದ್ದಳು. ನೀರು ಕೇಳಿದಳು, ಕಿಟಕಿ ಮುಚ್ಚಿ ಎಂದಳು. ಚಿಪ್ಪಿನ ಸುದ್ದಿ ಮಾತ್ರ ಎತ್ತಲೇ ಇಲ್ಲ.