ಎರಡನೆಯ ದಿನದ ಮಧ್ಯಾಹ್ನ

ಇವತ್ತು ಬೆಳಿಗ್ಗೆ ಸ್ಟೇಪ್ಲರ್ ಪಿನ್ನು ಹುಡುಕುತ್ತ ಮೇಜಿನ ಕೆಳಗಿನ ಖಾನೆ ಎಳೆದರೆ ಹಸಿರು ದಾರದ ಸೀಟಿಯೊಂದು ಕೈಗೆ ಬಂತು. ಅದರಡಿಯಲ್ಲಿ ಒಂದು ನೋಟ್‌ಬುಕ್. ನೀವು ನಗುವುದಿಲ್ಲ ಎಂದಾದರೆ ಹೇಳುತ್ತೇನೆ: ಎರಡು ವರ್ಷದ ಹಿಂದೆ, ಫಳ್ನೀರಿನಲ್ಲಿ ಫ್ರಿಜ್ಜು, ವಾಷಿಂಗ್ ಮೆಷಿನ್ ಮಾರುವ ನಾನು ಸ್ವಲ್ಪ ಕಾಲ ಸೇನಾಧಿಪತಿಯಾಗಿದ್ದೆ.

ನಿವೃತ್ತ ಸೇನಾಧಿಕಾರಿಯೊಬ್ಬರು ನಮ್ಮಂಥ ವ್ಯಾಪಾರಸ್ಥರಿಗೆ ಎರಡು ದಿನದ ಶಿಬಿರ ನಡೆಸಿದ್ದರು. ಸೈನ್ಯದ ನಾಯಕತ್ವವನ್ನು ಅಂಗಡಿಗೆ ತರುವುದು ಹೇಗೆ ಎಂಬುದು ವಿಷಯ. ಮೊದಲ ದಿನ ಶಿಸ್ತು, ಸಮಯ, ಆಜ್ಞೆ. ಹನ್ನೊಂದು ಪುಟ ದುಂಡಗೆ ಬರೆದುಕೊಂಡಿದ್ದೇನೆ. ಎರಡನೆಯ ದಿನದ ಮಧ್ಯಾಹ್ನದ ಪುಟದಲ್ಲಿ ಒಂದು ಮೀನಿನ ಚಿತ್ರವಷ್ಟೇ ಇದೆ. ಊಟಕ್ಕೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಇತ್ತು, ಕೋಣೆಗೆ ಎಸಿ ಇತ್ತು, ನಾನು ತೂಕಡಿಸುತ್ತಿದ್ದೆ.

ಶಿಬಿರ ಮುಗಿದ ಮರುದಿನದಿಂದ ಅಂಗಡಿಯೆದುರು ಒಂಬತ್ತಕ್ಕೆ ಸೀಟಿ. ಕೆಲಸದ ಐವರೂ ಸಾಲಾಗಿ ನಿಲ್ಲಬೇಕು. ತಡವಾದವರು ಫುಟ್‌ಪಾತಿನಲ್ಲಿ ಅರ್ಧ ಗಂಟೆ ಬೇರೆ ನಿಲ್ಲಬೇಕು. ಕಾರಣ ಕೇಳುವಂತಿಲ್ಲ, ಹೇಳುವಂತಿಲ್ಲ. ಎದುರಿನ ಮೆಡಿಕಲ್‌ನವರು ನಗುತ್ತಿದ್ದರೆ ನಾನದನ್ನು ಮೆಚ್ಚುಗೆ ಎಂದುಕೊಳ್ಳುತ್ತಿದ್ದೆ.

ಐವರಲ್ಲಿ ಹಿರಿಯರಾದ ಹಮೀದಾಕ ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬರುತ್ತಿದ್ದರು. ಅಪ್ಪನ ಕಾಲದಿಂದ ನಮ್ಮಲ್ಲಿದ್ದವರು. ಲಿಫ್ಟಿಲ್ಲದ ಕಡೆ ಫ್ರಿಜ್ಜು ಹೊರುವಾಗ, ಭಾರವೆಲ್ಲ ಬೀಳುವ ಕೆಳಗಿನ ತುದಿಯನ್ನು ತಾವೇ ಹಿಡಿಯುತ್ತಿದ್ದರು. ಅಂಥವರು ಇದ್ದಕ್ಕಿದ್ದಂತೆ ದಿನವೂ ಹತ್ತು ನಿಮಿಷ ತಡವಾಗಿ ಬರತೊಡಗಿದರು.

“ಸರ್, ಒಂದು ವಿಷಯ ಉಂಟು,” ಅಂದರು.

“ಲೈನಲ್ಲಿ ಮಾತಿಲ್ಲ, ಹಮೀದಾಕ.”

ಮೂರು ದಿನ ಬಿಸಿಲಿನಲ್ಲಿ ನಿಂತರು. ಗಿರಾಕಿಗಳು ಅವರನ್ನು ಸುತ್ತುಹಾಕಿ ಒಳಗೆ ಬಂದರು. ನಾಲ್ಕನೆಯ ದಿನ ವ್ಯಾನಿನ ಕೀಲಿ ಮೇಜಿನ ಮೇಲಿಟ್ಟು ಹೋದವರು ಮತ್ತೆ ಬರಲಿಲ್ಲ.

“ಎಂತ ಸರ್, ನಿಮಗೆ ಗೊತ್ತಿಲ್ವಾ?” ಅಂದ, ವ್ಯಾನಿನಲ್ಲಿ ಅವರ ಜೊತೆ ಹೋಗುತ್ತಿದ್ದ ಪ್ರಕಾಶ. “ವಾಷಿಂಗ್ ಮೆಷಿನ್ ಜಾರಿ ಅವರ ಕಾಲಿಗೆ ಬಿದ್ದದ್ದು. ಉಗುರೇ ಹೋಗಿತ್ತು. ದೋಣಿಯಿಂದ ಇಳಿದು ನಡೀಲಿಕ್ಕೆ ಆಗ್ತಿರ್ಲಿಲ್ಲ. ಹೇಳ್ಲಿಕ್ಕೆ ನೀವು ಬಿಡ್ಲಿಲ್ಲ ಅಲ್ವಾ?”

ಸೀಟಿ ಅಂದೇ ಖಾನೆ ಸೇರಿತು. ಆದರೆ ನಾನು ಬೆಂಗ್ರೆಗೆ ಹೋಗಲಿಲ್ಲ. ಯಜಮಾನನ ಜಂಬ ನೋಡಿ, ಅದು ಬೇಗ ಇಳಿಯುವುದಿಲ್ಲ. ತಿಂಗಳು ಕಳೆದ ಮೇಲೆ, ಶಿಬಿರಕ್ಕೆ ಬಂದಿದ್ದ ಗೆಳೆಯನೊಬ್ಬ ಮದುವೆಯೊಂದರಲ್ಲಿ ಸಿಕ್ಕಿದ.

“ಶಿಬಿರದಲ್ಲಿ ಹೇಳಿದ ಆ ಕಾಲಿನ ವಿಷಯ ಮಾತ್ರ ಮರೀಲಿಕ್ಕಿಲ್ಲ ಮಾರಾಯ,” ಅಂದ. “ಸೈನ್ಯದಲ್ಲಿ ಮೈಲುಗಟ್ಟಲೆ ಮಾರ್ಚ್ ಮಾಡಿ ಮುಗಿದ ಕೂಡಲೇ ಆಫೀಸರ್ ಒಬ್ಬೊಬ್ಬ ಸೈನಿಕನ ಕಾಲು ನೋಡ್ಬೇಕಂತೆ. ತನ್ನ ಬೂಟು ಬಿಚ್ಚುವುದು ಆಮೇಲೆ.”

“ಯಾವಾಗ ಹೇಳಿದ್ದು?”

“ಎರಡನೇ ದಿನ, ಊಟದ ನಂತರ.”

ಮರುದಿನವೇ ದೋಣಿ ಹತ್ತಿದೆ. ಹಮೀದಾಕ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದರು. ಚಹಾ ಕೊಟ್ಟರು.

“ಕಾಲು ಹೇಗುಂಟು?” ಅಂದೆ.

“ಈಗ ಎಂತ ಇಲ್ಲ ಸರ್,” ಅಂದರು. “ಕೇಳ್ಬೇಕಾದದ್ದು ಆಗ.”

ವಾಪಸು ಬನ್ನಿ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಅದೊಂದು ನೋವು ಇವತ್ತಿಗೂ ಇದೆ.

ಈ ಸಂಜೆ ವ್ಯಾನು ಬಂದಾಗ, ಸೀಟಿಯ ನೆನಪಿನಲ್ಲೋ ಏನೋ, ಹೊರಗೆ ಹೋಗಿ ಹೇಳಿದೆ: “ಎಲ್ಲರೂ ಒಳಗೆ ಬನ್ನಿ. ಚಪ್ಪಲಿ ತೆಗೀರಿ. ಕಾಲು ನೋಡ್ಬೇಕು.”

ನಾಲ್ವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಸಾಲಾಗಿ ನಿಂತರು.

“ಸಾಲು ಬೇಡ, ಕೂತ್ಕೊಳ್ಳಿ,” ಅಂದೆ. ಯಾರೂ ಕೂರಲಿಲ್ಲ. ಕೊನೆಗೆ ನಾನೇ ಅವರೆದುರು ನೆಲದ ಮೇಲೆ ಕುಳಿತೆ.